ಲೆಟ್ಟೋ-ಫೋರ್ಬೆಕ್: ‘ಸೋಲರಿಯದ ಸೇನಾಪತಿ’ ಅಂತ ಈಗಲೂ ಕರೆಯಬೇಕಾ?

ಆಲದನೆರಳು:

ಪಾಲ್ ಫಾನ್ ಲೆಟ್ಟೋ-ಫೋರ್ಬೆಕ್ ಬಗ್ಗೆ ಇಲ್ಲಿ ಒಮ್ಮೆ ಸರಿಯಾಗಿ ಚರ್ಚೆ ಆಗಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಯುದ್ಧದ ಇತಿಹಾಸ ಓದುವವರಿಗೆಲ್ಲ ಈತ ಗೊತ್ತು. 1914ರಿಂದ 1918ರವರೆಗೆ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಬ್ರಿಟಿಷರ ಕೈಗೆ ಸಿಗದೆ ಓಡಾಡಿದ ಜರ್ಮನ್ ಅಧಿಕಾರಿ. ಇವತ್ತಿನ ತಾಂಜಾನಿಯಾದ ಬಹುಭಾಗ, ರುವಾಂಡಾ, ಬುರುಂಡಿ ಎಲ್ಲ ಆಗ ಆ ವಸಾಹತಿನಲ್ಲಿದ್ದವು. ಯುದ್ಧ ಶುರುವಾದಾಗ ಅವನ ಬಳಿ ಇದ್ದದ್ದು ಸುಮಾರು 260 ಜರ್ಮನ್ನರು ಮತ್ತು 2,500ರಷ್ಟು ಅಸ್ಕರಿಗಳು, ಅಂದರೆ ಆಫ್ರಿಕಾದ ಸಂಬಳದ ಸಿಪಾಯಿಗಳು. ಸಮುದ್ರ ಬ್ರಿಟಿಷರದು. ಜರ್ಮನಿಯಿಂದ ಎರಡು ಹಡಗು ಹೇಗೋ ನುಸುಳಿ ಬಂದದ್ದು ಬಿಟ್ಟರೆ ಸಹಾಯ ಅಂತ ಏನೂ ಇಲ್ಲ. ಆದರೂ ಯೂರೋಪಿನಲ್ಲಿ ಯುದ್ಧ ನಿಂತು ಎರಡು ವಾರ ಕಳೆದ ಮೇಲೆ, 1918ರ ನವೆಂಬರ್ 25ರಂದು, ಇವತ್ತಿನ ಜಾಂಬಿಯಾದ ಅಬರ್‌ಕಾರ್ನ್‌ನಲ್ಲಿ ಆಯುಧ ಕೆಳಗಿಟ್ಟ. ಅಲ್ಲಿಯವರೆಗೆ ಅವನನ್ನು ಹಿಡಿಯಲು ಯಾರಿಗೂ ಆಗಲಿಲ್ಲ.

ಕೇಳಿದರೆ ಮೈ ಜುಂ ಅನ್ನುವ ಕಥೆ, ನಿಜ. ಆದರೆ ಅದರ ಜೊತೆಗೇ ಬರುವ ಹೊಗಳಿಕೆ ಇದೆಯಲ್ಲ, ಸೋಲೇ ಕಾಣದವನು, ನೀತಿಯಿಂದ ಯುದ್ಧ ಮಾಡಿದವನು, ಅಸ್ಕರಿಗಳು ಪ್ರಾಣಕ್ಕಿಂತ ಜಾಸ್ತಿ ಪ್ರೀತಿಸಿದವನು ಅಂತ, ಅದನ್ನು ಸುಮ್ನೆ ಒಪ್ಪಿಕೊಳ್ಳಲು ನನಗಾಗುವುದಿಲ್ಲ. ಬಂದೂಕು ಹಿಡಿದವರನ್ನು ಮಾತ್ರ ಎಣಿಸಿದರೆ ಆ ಹೊಗಳಿಕೆ ನಿಲ್ಲುತ್ತದೆ. ಹೊರೆ ಹೊತ್ತವರನ್ನು, ದವಸ ಕಿತ್ತುಕೊಂಡ ಹಳ್ಳಿಗಳನ್ನು ಲೆಕ್ಕಕ್ಕೆ ತಂದರೆ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಅವನ ಬದುಕು 1914ರಲ್ಲಿ ಶುರುವಾದದ್ದಲ್ಲ. ಹುಟ್ಟಿದ್ದು 1870ರಲ್ಲಿ, ಜಾರ್ಲೂಯಿಸ್‌ನಲ್ಲಿ. 1900ರಲ್ಲಿ ಚೀನಾದ ಬಾಕ್ಸರ್ ದಂಗೆ ಅಡಗಿಸಲು ಹೋದ. 1904ರಲ್ಲಿ ಜರ್ಮನ್ ನೈರುತ್ಯ ಆಫ್ರಿಕಾಕ್ಕೆ, ಅಂದರೆ ನಮೀಬಿಯಾಕ್ಕೆ, ಅಲ್ಲಿನ ಜರ್ಮನ್ ಸೇನಾಪತಿ ಲೋಥರ್ ಫಾನ್ ಟ್ರೋಥಾನ ಅಡ್ಜುಟಂಟ್ ಆಗಿ ಹೋದ. ಟ್ರೋಥಾ ಯಾರು ಅಂತ ಗೊತ್ತಿರುವವರಿಗೆ ಮುಂದಿನದು ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಕೆಳಗೆ ಬರೆಯುತ್ತೇನೆ. ಮೊದಲು ನಿಮ್ಮ ಮಾತು ಕೇಳೋಣ.

ಕೊಡಗಿನ_ಕಾಫಿ:

ಸರ್, ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯದಲ್ಲಿದ್ದವರು. ಹಾಗಾಗಿ ಸೈನಿಕನ ಕಣ್ಣಿನಿಂದಲೇ ಮಾತಾಡುತ್ತೇನೆ. ಲೆಟ್ಟೋ-ಫೋರ್ಬೆಕ್ ಮಾಡಿದ್ದು ಯುದ್ಧದ ಪಾಠದಲ್ಲಿ ಅಪರೂಪದ ಕೆಲಸ. ಅವನ ಗುರಿ ಆಫ್ರಿಕಾ ಗೆಲ್ಲುವುದೇ ಆಗಿರಲಿಲ್ಲ. ಯೂರೋಪಿನ ರಂಗಕ್ಕೆ ಹೋಗಬೇಕಿದ್ದ ಬ್ರಿಟಿಷ್ ದಂಡು, ಹಡಗು, ಮದ್ದುಗುಂಡು ಎಲ್ಲ ಇಲ್ಲೇ ಸಿಕ್ಕಿಹಾಕಿಕೊಳ್ಳಬೇಕು, ಅಷ್ಟೇ.

ಟಾಂಗಾ ಬಂದರಿನ ಯುದ್ಧ ನೋಡಿ. 1914ರ ನವೆಂಬರ್ ಮೊದಲ ವಾರ. ಬಾಂಬೆಯಿಂದ ಹೊರಟ ಬ್ರಿಟಿಷ್ ಇಂಡಿಯನ್ ದಂಡು ಸುಮಾರು 8,000 ಜನ. ಎದುರಿಗೆ ಜರ್ಮನ್ ಕಡೆ ಸುಮಾರು 1,000. ಬಂದರಿಗೆ ಬಂದ ಬ್ರಿಟಿಷ್ ಯುದ್ಧನೌಕೆ ‘ಫಾಕ್ಸ್’ನ ಕ್ಯಾಪ್ಟನ್, ಕರಾವಳಿ ಊರುಗಳನ್ನು ಮುಟ್ಟುವುದಿಲ್ಲ ಅನ್ನುವ ಒಪ್ಪಂದ ಮುಗಿಯಿತು, ಊರು ಒಪ್ಪಿಸಿ ಅಂತ ಮೊದಲೇ ತಿಳಿಸಿಬಿಟ್ಟ. ಸಿಕ್ಕ ಸಮಯದಲ್ಲಿ ಲೆಟ್ಟೋ ಮೋಶಿಯಿಂದ ರೈಲಿನಲ್ಲಿ ತುಕಡಿಗಳನ್ನು ಇಳಿಸಿದ. ಅವನ ಎಷ್ಟೋ ಅಸ್ಕರಿಗಳ ಕೈಯಲ್ಲಿದ್ದದ್ದು 1871ರ ಮಾದರಿಯ ಹಳೇ ಬಂದೂಕು. ಒಂದು ಗುಂಡು ಹೊಡೆದರೆ ಹೊಗೆ ಮೇಲೆದ್ದು ನಿಂತ ಜಾಗ ಶತ್ರುವಿಗೆ ಗೊತ್ತಾಗುತ್ತಿತ್ತು. ಅದರಲ್ಲೇ ಗೆದ್ದ. ಬ್ರಿಟಿಷರು ಬಿಟ್ಟುಹೋದ ಮೆಷಿನ್‌ಗನ್, ಹೊಸ ರೈಫಲ್, 6 ಲಕ್ಷ ಗುಂಡು ಎಲ್ಲ ಅವನ ಪಾಲಾಯಿತು. ಮುಂದಿನ ಒಂದು ವರ್ಷ ಅವನು ಹೋರಾಡಿದ್ದು ಮುಖ್ಯವಾಗಿ ಶತ್ರುವಿನ ಸಾಮಾನಿನಲ್ಲೇ.

ರುಫಿಜಿ ನದಿಯ ಬಾಯಲ್ಲಿ ಮುಳುಗಿದ ‘ಕೋನಿಗ್ಸ್‌ಬರ್ಗ್’ ಹಡಗಿನ ತೋಪುಗಳನ್ನು ಮೇಲೆತ್ತಿಸಿ, ಗಾಲಿ ಹಾಕಿಸಿ ನೆಲದ ಮೇಲೆ ಎಳೆಸಿದ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಬರುವುದು ನಿಂತಾಗ ಅಮಾನಿಯ ಸಂಶೋಧನಾ ಕೇಂದ್ರದಲ್ಲಿ ಸಿಂಕೋನಾ ತೊಗಟೆಯಿಂದ ಔಷಧಿ ಮಾಡಿಸಿದ. ಕೆಟ್ಟ ಕಹಿ. ಸಿಪಾಯಿಗಳು ಅದನ್ನು ‘ಲೆಟ್ಟೋ ಷ್ನಾಪ್ಸ್’ ಅಂತಲೇ ಕರೆದರು. ಇದನ್ನೆಲ್ಲ ಮೆಚ್ಚದೆ ಇರುವುದು ಹೇಗೆ?

ಹುಬ್ಬಳ್ಳಿ_ಹುಡುಗ:

ಟಾಂಗಾ ಅಂದರೆ ಜೇನುಹುಳ ಕಚ್ಚಿದ ಯುದ್ಧ ಅಲ್ರೀ? ಅದು ನಿಜವಾ?

ತುಂಗಾತೀರ:

ಜೇನು ಎದ್ದದ್ದು ನಿಜ. ಗುಂಡು ತಾಗಿದ ಗೂಡುಗಳಿಂದ ಎದ್ದ ಹುಳ ಎರಡೂ ಕಡೆಯವರನ್ನು ಕಚ್ಚಿದವು. ಜರ್ಮನ್ನರು ತಂತಿ ಕಟ್ಟಿ ಬೇಕಂತಲೇ ಜೇನು ಎಬ್ಬಿಸಿದರು ಅಂತ ಬ್ರಿಟಿಷ್ ಪತ್ರಿಕೆಗಳು ಬರೆದದ್ದು ಕಟ್ಟುಕಥೆ. ಸೋಲಿಗೆ ಒಂದು ನೆಪ ಬೇಕಿತ್ತು, ಹುಳಗಳ ಮೇಲೆ ಹಾಕಿದರು.

ಅದಕ್ಕಿಂತ ದೊಡ್ಡ ನೆಪ ಇನ್ನೊಂದಿದೆ. ನಮಗೆ ಅದು ಮುಖ್ಯ. ಸೋಲಿನ ಹೊಣೆಯನ್ನು ‘ಇಂಡಿಯನ್ ಸಿಪಾಯಿಗಳು ಓಡಿಹೋದರು’ ಅಂತ ಹೇಳಿ ನಮ್ಮವರ ತಲೆಗೆ ಕಟ್ಟಿದರು. ಅಲ್ಲಿ ಹೋದ ದಂಡಿನ ಒಂದು ಭಾಗ 27ನೇ ಬೆಂಗಳೂರು ಬ್ರಿಗೇಡ್. ಲಾಯಲ್ ನಾರ್ತ್ ಲ್ಯಾಂಕಶೈರ್ ಎಂಬ ಬ್ರಿಟಿಷ್ ಪಲ್ಟನ್, 63ನೇ ಪಾಳಯಂಕೋಟೆ ಇನ್‌ಫಂಟ್ರಿ, 98ನೇ ಇನ್‌ಫಂಟ್ರಿ, 101ನೇ ಗ್ರೆನೇಡಿಯರ್ಸ್ ಅದರಲ್ಲಿದ್ದವು. ಜೊತೆಗೆ ಮದ್ರಾಸಿನ 61ನೇ ಪಯೊನಿಯರ್ಸ್, ಕಾಶ್ಮೀರ, ಗ್ವಾಲಿಯರ್ ಸಂಸ್ಥಾನಗಳ ತುಕಡಿಗಳು. ವಾರಗಟ್ಟಲೆ ಹಡಗಿನಲ್ಲಿ ತುಂಬಿಕೊಂಡು ಬಂದವರು. ಎಷ್ಟೋ ಜನಕ್ಕೆ ಕೈಗೆ ಬಂದ ಹೊಸ ಬಂದೂಕಿನ ಅಭ್ಯಾಸವೇ ಇಲ್ಲ. ದಂಡಿನ ಮುಖ್ಯಸ್ಥ ಜನರಲ್ ಐಟ್ಕೆನ್ ದಡದಲ್ಲಿ ಶತ್ರು ಎಲ್ಲಿದ್ದಾನೆ ಅಂತ ನೋಡಿಸಲೂ ಇಲ್ಲ. ಅಂಥವರನ್ನು ರಬ್ಬರ್ ತೋಟ, ಪೊದೆಗಳ ನಡುವೆ ನೇರವಾಗಿ ಮೆಷಿನ್‌ಗನ್ ಬಾಯಿಗೆ ನುಗ್ಗಿಸಿದರು. 101ನೇ ಗ್ರೆನೇಡಿಯರ್ಸ್ ಎಡ ಪಕ್ಕದಲ್ಲಿ ಸಿಕ್ಕಿ ಚಿಂದಿಯಾದರು. ಕಾಶ್ಮೀರದವರು ಊರೊಳಗೇ ನುಗ್ಗಿ ಬೀದಿಗಳಲ್ಲಿ ಕಾದಾಡಿದರು. ಬ್ರಿಟಿಷ್ ಕಡೆ 360 ಜನ ಸತ್ತರು, ಸುಮಾರು ಐನೂರು ಜನ ಗಾಯಗೊಂಡರು.

ಕೊಡಗಿನ_ಕಾಫಿ:

ಒಪ್ಪುತ್ತೇನೆ ಮೇಡಂ. ಐಟ್ಕೆನ್ ಮಾಡಿದ ಎಡವಟ್ಟಿಗೆ ಸಿಪಾಯಿಗಳನ್ನು ಬೈದದ್ದು ತಪ್ಪು. ಬೆಂಗಳೂರಿನವರು ಬ್ರಿಗೇಡ್ ರೋಡಿನಲ್ಲಿರುವ ಮದ್ರಾಸ್ ಸ್ಯಾಪರ್ಸ್ ಸ್ಮಾರಕದ ಕಲ್ಲನ್ನು ಒಮ್ಮೆ ಓದಿ. ಮೆಸಪೊಟೇಮಿಯಾ ಜೊತೆಗೆ ಪೂರ್ವ ಆಫ್ರಿಕಾ ಅಂತಲೂ ಕೆತ್ತಿದೆ. ಶಾಪಿಂಗ್‌ಗೆ ಹೋಗುವ ಎಷ್ಟು ಜನ ಅದನ್ನು ಗಮನಿಸುತ್ತಾರೋ.

ಹುಬ್ಬಳ್ಳಿ_ಹುಡುಗ:

ಹಾಗಾದರೆ ಮೈಸೂರು ಲ್ಯಾನ್ಸರ್ಸ್ ಕೂಡ ಅಲ್ಲಿ ಹೋಗಿದ್ದರಾ?

ತುಂಗಾತೀರ:

ಇಲ್ಲ. ಅವರು ಹೋದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. 1918ರ ಹೈಫಾ ಯುದ್ಧ ಅವರದ್ದು. ಪೂರ್ವ ಆಫ್ರಿಕಾಕ್ಕೆ ಸಂಬಂಧವಿಲ್ಲ.

ಆಲದನೆರಳು:

ಕಾಫಿಯವರು ಹೇಳಿದ ಯುದ್ಧಕೌಶಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮೀಬಿಯಾದಿಂದ ಶುರು ಮಾಡೋಣ, ಯಾಕೆಂದರೆ ಅವನ ಜೀವನಚರಿತ್ರೆಯಲ್ಲಿ ಅದನ್ನು ಎರಡು ಸಾಲಿನಲ್ಲಿ ದಾಟಿಸಿಬಿಡುತ್ತಾರೆ.

1904ರ ಜನವರಿಯಲ್ಲಿ ಹೆರೆರೋ ಜನ ಸಾಮ್ಯುಯೆಲ್ ಮಹರೇರೋನ ಮುಂದಾಳ್ತನದಲ್ಲಿ ಜರ್ಮನ್ನರ ವಿರುದ್ಧ ಎದ್ದರು. ಹೆರೆರೋಗಳು ದನ ಸಾಕುವವರು. ಬಿಳಿ ವ್ಯಾಪಾರಿಗಳು ಸಾಲ ಕೊಟ್ಟು ದನ ಹೊಡೆದುಕೊಂಡು ಹೋಗುತ್ತಿದ್ದರು, ಹುಲ್ಲುಗಾವಲು ವಲಸಿಗರ ಪಾಲಾಗುತ್ತಿತ್ತು. ಆಗಸ್ಟ್ 11ರಂದು ವಾಟರ್‌ಬರ್ಗ್ ಗುಡ್ಡದ ಬಳಿ ಟ್ರೋಥಾ ಅವರನ್ನು ಸುತ್ತುವರಿದ. ಸುತ್ತಿನಿಂದ ತಪ್ಪಿಸಿಕೊಂಡವರಿಗೆ ಉಳಿದ ಒಂದೇ ದಾರಿ ಒಮಾಹೆಕೆ ಮರಳುಗಾಡು. ಹೆಂಗಸರು, ಮಕ್ಕಳು, ದನಗಳ ಸಮೇತ ಅದರೊಳಗೆ ಹೋದರು. ಜರ್ಮನ್ ಪಡೆ ನೀರಿನ ಗುಂಡಿಗಳಿಗೆ ಕಾವಲು ಹಾಕಿತು. ಅಕ್ಟೋಬರ್ 2ರಂದು ಟ್ರೋಥಾ ಆದೇಶ ಹೊರಡಿಸಿದ. ಜರ್ಮನ್ ಗಡಿಯೊಳಗೆ ಸಿಕ್ಕ ಪ್ರತಿ ಹೆರೆರೋನನ್ನೂ, ಬಂದೂಕು ಇರಲಿ ಇಲ್ಲದಿರಲಿ, ದನ ಇರಲಿ ಇಲ್ಲದಿರಲಿ, ಗುಂಡಿಟ್ಟು ಕೊಲ್ಲಬೇಕು. ಹೆಂಗಸರು ಮಕ್ಕಳನ್ನು ಇನ್ನು ಸೇರಿಸಿಕೊಳ್ಳುವುದಿಲ್ಲ, ವಾಪಸ್ ಅಟ್ಟಬೇಕು ಅಥವಾ ಅವರ ಕಡೆಗೂ ಗುಂಡು ಹಾರಿಸಬೇಕು. ಡಿಸೆಂಬರ್‌ನಲ್ಲಿ ಬರ್ಲಿನ್ ಆ ಆದೇಶ ವಾಪಸ್ ಪಡೆಯಿತು. ಆಮೇಲೆ ಉಳಿದವರನ್ನು ಶಿಬಿರಗಳಿಗೆ ಹಾಕಿದರು. ಲ್ಯೂಡೆರಿಟ್ಸ್ ಊರಿನ ಶಾರ್ಕ್ ಐಲ್ಯಾಂಡ್ ಶಿಬಿರದಲ್ಲಿ ಚಳಿ ಗಾಳಿಗೆ, ಹಸಿವಿಗೆ ಸತ್ತವರೇ ಜಾಸ್ತಿ. ಸುಮಾರು 80,000 ಹೆರೆರೋಗಳಲ್ಲಿ 65,000ದವರೆಗೆ, ಅಲ್ಲಿನ ಇನ್ನೊಂದು ಸಮುದಾಯವಾದ 20,000 ನಾಮಾ ಜನರಲ್ಲಿ 10,000ದಷ್ಟು ಸತ್ತರು ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು.

ಲೆಟ್ಟೋ-ಫೋರ್ಬೆಕ್ ಟ್ರೋಥಾನ ಪಕ್ಕದಲ್ಲೇ ಇದ್ದ. ಅಡ್ಜುಟಂಟ್ ಅಂದರೆ ಆದೇಶಗಳು ಯಾರ ಮೇಜಿನ ಮೇಲೆ ಹಾದುಹೋಗುತ್ತವೋ ಅಂಥ ಅಧಿಕಾರಿ.

ಕಡಲಮಗ:

ನಾನು ವಕೀಲನಾಗಿ ಕೇಳುತ್ತೇನೆ ಮಾರಾಯ್ರೆ, ಆದೇಶಕ್ಕೆ ಸಹಿ ಹಾಕಿದ್ದು ಟ್ರೋಥಾ. ಮೂವತ್ತನಾಲ್ಕು ವಯಸ್ಸಿನ ಕೆಳಗಿನ ಅಧಿಕಾರಿಯನ್ನು ಆ ಕೊಲೆಗಳಿಗೆ ಹೊಣೆ ಮಾಡಬಹುದಾ? ಅವನು ಬೇಡ ಅಂದಿದ್ದರೆ ಏನಾಗುತ್ತಿತ್ತು?

ಆಲದನೆರಳು:

ಒಳ್ಳೆಯ ಪ್ರಶ್ನೆ. ಟ್ರೋಥಾನ ಅಪರಾಧವನ್ನು ಪೂರ್ತಿ ಇವನ ಮೇಲೆ ಹೊರಿಸುವುದು ತಪ್ಪು. ನಾನು ಹೊರಿಸುತ್ತಿಲ್ಲ. ಆದರೆ ಅವನು ಆಮೇಲೆ ಏನು ಹೇಳಿದ ಅನ್ನುವುದನ್ನು ನೋಡಬೇಕಲ್ವಾ? 1957ರಲ್ಲಿ, ಎಂಬತ್ತೇಳು ವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲೂ, ಇಷ್ಟು ದೊಡ್ಡ ದಂಗೆಯನ್ನು ಮೊದಲು ಏನೇ ಮಾಡಿಯಾದರೂ ಸುಟ್ಟು ಇಲ್ಲವಾಗಿಸಬೇಕು ಅನ್ನುವ ಅರ್ಥದಲ್ಲೇ ಬರೆದ. ನಡುವೆ ಎರಡು ಮಹಾಯುದ್ಧ ಆಗಿದ್ದವು, ಆಶ್‌ವಿಟ್ಜ್ ಆಗಿತ್ತು, ನ್ಯೂರೆಂಬರ್ಗ್ ವಿಚಾರಣೆ ಆಗಿತ್ತು. ಯೋಚನೆ ಮಾಡಲು ಅರ್ಧ ಶತಮಾನ ಸಿಕ್ಕಿತ್ತು ಅವನಿಗೆ. ನನಗೆ ಆದೇಶದ ಮೇಲೆ ಯಾರ ಸಹಿ ಇತ್ತು ಅನ್ನುವುದಕ್ಕಿಂತ ಈ ಮಾತೇ ಭಾರ ಅನ್ನಿಸುತ್ತದೆ.

ಅಲ್ಲಿ ಅವನು ಬರೀ ಕಚೇರಿಯಲ್ಲಿ ಕೂತವನೂ ಅಲ್ಲ. ಆಮೇಲೆ ನಾಮಾ ಜನರ ಮೇಲಿನ ಯುದ್ಧದಲ್ಲಿ ತುಕಡಿ ನಡೆಸಿದ. 1906ರಲ್ಲಿ ಗಾಯವಾಗಿ ಎಡಗಣ್ಣಿನ ದೃಷ್ಟಿ ಹೋಯಿತು.

ಹುಬ್ಬಳ್ಳಿ_ಹುಡುಗ:

ಮಾಜಿ ಮಾಜಿ ದಂಗೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರಲ್ಲ, ಅದೂ ಇವನೇ ಮಾಡಿದ್ದಾ?

ತುಂಗಾತೀರ:

ಅದು 1905ರಿಂದ 1907, ಪೂರ್ವ ಆಫ್ರಿಕಾದಲ್ಲಿ. ಆಗ ಗವರ್ನರ್ ಗೋಟ್ಸೆನ್. ಲೆಟ್ಟೋ ಆಗ ನಮೀಬಿಯಾ ಕಡೆ ಇದ್ದ. ಬೆಳೆ ಸುಟ್ಟು, ಉಗ್ರಾಣ ಸುಟ್ಟು ಬರಗಾಲ ತಂದು ದಂಗೆ ಅಡಗಿಸಿದರು. ಲೆಟ್ಟೋ 1914ರ ಜನವರಿಯಲ್ಲಿ ದಾರ್ ಎಸ್ ಸಲಾಮ್‌ಗೆ ಬಂದಾಗ ವಹಿಸಿಕೊಂಡದ್ದು ಅದೇ ಷುಟ್ಸ್‌ಟ್ರುಪ್ಪೆಯನ್ನು, ಅಂದರೆ ಜರ್ಮನ್ ವಸಾಹತಿನ ಸೈನ್ಯವನ್ನು. ಅದರ ಹಳೆಯ ಅಧಿಕಾರಿಗಳು, ಹಳೆಯ ಅಸ್ಕರಿಗಳು ಕಲಿತಿದ್ದ ಯುದ್ಧ ಅಂಥದ್ದು.

ಟಾಂಗಾದಲ್ಲಿ ಸತ್ತ ಟಾಮ್ ಫಾನ್ ಪ್ರಿನ್ಸ್‌ನನ್ನೇ ನೋಡಿ. 1894ರಲ್ಲಿ ಹೆಹೆ ರಾಜ ಮ್ಕ್ವಾವಾನ ಕಲೆಂಗಾ ಕೋಟೆಯ ಮೇಲೆ ದಾಳಿ ಮಾಡಿದವರಲ್ಲಿ ಆತನೂ ಒಬ್ಬ. ಮ್ಕ್ವಾವಾ 1898ರಲ್ಲಿ ಕೈಗೆ ಸಿಗಬಾರದೆಂದು ಗುಂಡು ಹಾರಿಸಿಕೊಂಡು ಸತ್ತ. ಜರ್ಮನ್ನರು ಅವನ ತಲೆ ಕಡಿದು ಒಯ್ದರು.

ದಾರ್_ಕನ್ನಡಿಗ:

ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಇಲ್ಲಿಂದ ಕಾಣುವುದನ್ನು ಹೇಳುತ್ತೇನೆ. ಊರಿನ ನಡುಮಧ್ಯೆ ಸಮೋರಾ ಅವೆನ್ಯೂ ಮತ್ತು ಮಾಕ್ಟಾಬಾ ಸ್ಟ್ರೀಟ್ ಕೂಡುವ ವೃತ್ತದಲ್ಲಿ ಅಸ್ಕರಿ ಸ್ಮಾರಕ ಇದೆ. ಕಂಚಿನ ಸಿಪಾಯಿ, ಬಂದೂಕಿನ ಬಾಯೊನೆಟ್ ಮುಂದೆ ಚಾಚಿ ಬಂದರಿನ ಕಡೆ ಮುಖ ಮಾಡಿದ್ದಾನೆ. ಬ್ರಿಟಿಷರು 1927ರಲ್ಲಿ ನಿಲ್ಲಿಸಿದ್ದು. ಅದೇ ಜಾಗದಲ್ಲಿ ಮೊದಲು ಜರ್ಮನ್ ಗವರ್ನರ್ ಹೆರ್ಮಾನ್ ಫಾನ್ ವಿಸ್‌ಮಾನ್‌ನ ಪ್ರತಿಮೆ ಇತ್ತು. ಅದನ್ನು ಕಿತ್ತರು. ಕಿತ್ತ ಪ್ರತಿಮೆ ಕೊನೆಗೆ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಮುಂದೆ ನಿಂತಿತು. 1960ರ ದಶಕದ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಹಗ್ಗ ಹಾಕಿ ಎಳೆದು ಬೀಳಿಸಿದರು.

ಅಸ್ಕರಿ ಸ್ಮಾರಕದ ಪೀಠದ ಮೇಲೆ ಇಂಗ್ಲಿಷ್, ಸ್ವಾಹಿಲಿ, ಅರೇಬಿಕ್ ಮೂರರಲ್ಲೂ ಬರಹ ಇದೆ. ಅದರಲ್ಲಿ ಹಮಾಲಿಗಳನ್ನು ಸೈನ್ಯದ ಕಾಲು ಕೈ ಅಂತ ಕರೆದಿದ್ದಾರೆ. ಮೇಲೆ ನಿಂತಿರುವುದು ಮಾತ್ರ ಸಿಪಾಯಿ. ಹೊರೆ ಹೊತ್ತವನು ಮೇಲೆ ಬಂದಿಲ್ಲ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಕರಿಯಾಕೂ ಮಾರುಕಟ್ಟೆ. ತರಕಾರಿ, ಬಟ್ಟೆ, ಮೊಬೈಲ್, ಏನು ಬೇಕಾದರೂ ಸಿಗುತ್ತದೆ. ಬ್ರಿಟಿಷರ ಕ್ಯಾರಿಯರ್ ಕೋರ್‌ನ ಹಮಾಲಿಗಳನ್ನು ಇಟ್ಟಿದ್ದ ಶಿಬಿರ ಅದೇ ಜಾಗದಲ್ಲಿತ್ತು. ಇಲ್ಲಿನವರಿಗೆ ಲೆಟ್ಟೋ-ಫೋರ್ಬೆಕ್ ಹೆಸರು ಅಷ್ಟಾಗಿ ಗೊತ್ತಿಲ್ಲ. ಮ್ಕ್ವಾವಾ ಎಲ್ಲರಿಗೂ ಗೊತ್ತು. ಮಾಜಿ ಮಾಜಿ ಶಾಲೆಯ ಪಾಠದಲ್ಲೇ ಇದೆ.

ಆಲದನೆರಳು:

ಇದೇ ನಾನು ಹೇಳಬೇಕೆಂದಿದ್ದು. ಆ ಹೊರೆಯ ಲೆಕ್ಕ ಸ್ವಲ್ಪ ನೋಡಿ.

ಅಲ್ಲಿ ಕುದುರೆ, ಎತ್ತು ಬದುಕುವುದಿಲ್ಲ, ಸೆಟ್ಸೆ ನೊಣ ಕಚ್ಚಿದರೆ ಸತ್ತೇಹೋಗುತ್ತವೆ. ರಸ್ತೆ ಇಲ್ಲ. ರೈಲು ಎರಡೇ ಸಾಲು. ಹಾಗಾಗಿ ಅಕ್ಕಿ, ಜೋಳ, ಮದ್ದುಗುಂಡು, ಗಾಯಗೊಂಡವರು, ಬಿಳಿ ಅಧಿಕಾರಿಯ ಮಡಚುವ ಮಂಚ, ಎಲ್ಲವೂ ಮನುಷ್ಯನ ತಲೆಯ ಮೇಲೇ ಸಾಗಬೇಕು. ಹೊರುವವನೂ ಊಟ ಮಾಡಬೇಕು. ದಾರಿ ಉದ್ದವಾದಷ್ಟೂ ಹೊತ್ತ ದವಸವನ್ನು ಹೊತ್ತವರೇ ತಿಂದು ಮುಗಿಸುತ್ತಾರೆ. ಆಗ ಇನ್ನಷ್ಟು ಹಮಾಲಿಗಳು ಬೇಕು. ಅವರಿಗೆ ಇನ್ನಷ್ಟು ದವಸ. ಬ್ರಿಟಿಷ್ ಕಡೆ ನಾಲ್ಕು ವರ್ಷದಲ್ಲಿ ಸುಮಾರು 10 ಲಕ್ಷ ಜನರನ್ನು ಹೊರೆಗೆ ಹಿಡಿದರು. ಅಧಿಕೃತವಾಗಿ ಒಪ್ಪಿಕೊಂಡ ಸಾವು 95,000ದ ಹತ್ತಿರ. ಗುಂಡಿಗೆ ಸತ್ತವರು ಕಮ್ಮಿ. ರಕ್ತಭೇದಿ, ಮಲೇರಿಯಾ, ನ್ಯುಮೋನಿಯಾ, ಅರೆಹೊಟ್ಟೆ, ಇವೇ ಕೊಂದದ್ದು.

ಜರ್ಮನ್ ಕಡೆ? ಸರಿಯಾದ ಲೆಕ್ಕವನ್ನೇ ಇಡಲಿಲ್ಲ. ಸತ್ತ ಜರ್ಮನ್ ಅಧಿಕಾರಿಯ ಹೆಸರು, ಹುದ್ದೆ, ತಾರೀಕು ಸಿಗುತ್ತದೆ. ಹಳ್ಳಿಯಿಂದ ಹಿಡಿದು ತಂದು, ಓಡದಂತೆ ಹಗ್ಗದಲ್ಲಿ ಕಟ್ಟಿ ನಡೆಸಿದ ಹಮಾಲಿಯ ಹೆಸರು ಸಿಗುವುದಿಲ್ಲ.

1916ರ ನಂತರ ಲೆಟ್ಟೋನ ದಂಡು ಸದಾ ನಡೆಯುತ್ತಲೇ ಇತ್ತು. ಎಲ್ಲಿ ಹೋದರೂ ಅಲ್ಲಿನ ಹಳ್ಳಿಯ ಬೆಳೆಯೇ ಊಟ. ಬಿಟ್ಟುಹೋಗುವಾಗ ಹಿಂದೆ ಬರುವ ಬ್ರಿಟಿಷರಿಗೆ ಏನೂ ಸಿಗಬಾರದು. ಹಿಂದೆ ಬಂದ ಬ್ರಿಟಿಷರು ಉಳಿದದ್ದನ್ನು ಎತ್ತಿಕೊಂಡರು. ಡೊಡೊಮಾ ಸುತ್ತಲಿನ ಉಗೊಗೊ ಸೀಮೆಯನ್ನು ತೆಗೆದುಕೊಳ್ಳಿ. ಮೊದಲು ಜರ್ಮನ್ನರು ದನ, ದವಸ, ಗಂಡಾಳು ಒಯ್ದರು. ಆಮೇಲೆ ಬ್ರಿಟಿಷರು ಬಂದು ಒಯ್ದರು. ಅದರ ಮೇಲೆ ಮಳೆ ಕೈಕೊಟ್ಟಿತು. ‘ಮ್ಟುನ್ಯಾ’ ಅಂತ ಅಲ್ಲಿನ ಜನ ನೆನಪಿಟ್ಟುಕೊಂಡಿರುವ ಬರ ಅದು. ಅದೊಂದರಲ್ಲೇ ಸುಮಾರು 30,000 ಗೊಗೊ ಜನ ಸತ್ತರು ಅನ್ನುವ ಅಂದಾಜಿದೆ. ಇಡೀ ವಸಾಹತಿನಲ್ಲಿ ಯುದ್ಧದ ಹಸಿವಿಗೆ ಸತ್ತವರ ಅಂದಾಜು 3 ಲಕ್ಷ.

ಇದು ಜರ್ಮನ್ ವಿರೋಧಿಗಳು ಕಟ್ಟಿದ ಮಾತಲ್ಲ. ಲೆಟ್ಟೋನ ಜೊತೆಗೇ ನಡೆದ ಡಾಕ್ಟರ್ ಲುಡ್ವಿಗ್ ಡೆಪ್ಪೆ ಸ್ವತಃ ಬರೆದಿದ್ದಾನೆ. ನಮ್ಮ ಹಿಂದೆ ಹಾಳಾದ ಹೊಲ, ಬರಿದಾದ ಕಣಜ, ಮುಂದೆ ಬರುವ ಹಸಿವನ್ನು ಬಿಟ್ಟುಬಂದಿದ್ದೇವೆ, ನಾವೀಗ ನಾಗರಿಕತೆಯ ದೂತರಲ್ಲ ಅಂತ. 17ನೇ ಶತಮಾನದಲ್ಲಿ ಜರ್ಮನ್ ನಾಡನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧದ ದಂಡುಗಳಿಗೆ ತನ್ನ ದಂಡನ್ನು ಅವನೇ ಹೋಲಿಸುತ್ತಾನೆ.

ಕೊಡಗಿನ_ಕಾಫಿ:

ಆದರೆ ಸರ್, ನೀವೇ ಹೇಳಿದ ಲೆಕ್ಕದಲ್ಲಿ ಬ್ರಿಟಿಷರ ಪಾಲು ಜಾಸ್ತಿ ಅಲ್ವಾ? 10 ಲಕ್ಷ ಹಮಾಲಿಗಳನ್ನು ಹಿಡಿದದ್ದು ಅವರು. ಬ್ರಿಟಿಷ್ ಪಡೆ ನಡೆಸಿದ ದಕ್ಷಿಣ ಆಫ್ರಿಕಾದ ಸ್ಮಟ್ಸ್ 1916ರಲ್ಲಿ ಮಳೆಗಾಲದಲ್ಲೇ ಬೆನ್ನಟ್ಟಿ, ತನ್ನದೇ ಸೈನಿಕರನ್ನು ಕಾಯಿಲೆಗೆ ಬಲಿ ಕೊಟ್ಟ. ಲೆಟ್ಟೋ ಒಬ್ಬನನ್ನೇ ಯಾಕೆ ಕಟಕಟೆಗೆ ಹತ್ತಿಸುತ್ತೀರಿ?

ಆಲದನೆರಳು:

ಬ್ರಿಟಿಷರನ್ನು ಬಿಡುವ ಮಾತೇ ಇಲ್ಲ. ಅವರ ಹಮಾಲಿಗಳ ಸಾವು ಅವರ ಹೊಣೆ. ಆದರೆ ಸ್ಮಟ್ಸ್‌ನನ್ನು ಯಾರೂ ಪೂರ್ವ ಆಫ್ರಿಕಾದ ವೀರ ಅಂತ ಹಾಡಿ ಹೊಗಳುತ್ತಿಲ್ಲ. ಇವನನ್ನು ಹೊಗಳುತ್ತಾರೆ.

ಇನ್ನೊಂದು ಇದೆ. ಯುದ್ಧ ಬೇಡ ಅನ್ನುವ ದಾರಿ 1914ರಲ್ಲಿ ತೆರೆದಿತ್ತು. ಗವರ್ನರ್ ಹೈನ್‌ರಿಷ್ ಷ್ನೀ ವಸಾಹತನ್ನು ಯುದ್ಧದಿಂದ ಹೊರಗಿಡಲು ನೋಡಿದ. ಕರಾವಳಿ ಊರುಗಳಿಗೆ ಬ್ರಿಟಿಷ್ ನೌಕಾಪಡೆಯ ಜೊತೆ ಒಪ್ಪಂದವನ್ನೂ ಮಾಡಿಕೊಂಡಿದ್ದ. ಕಾನೂನಿನ ಪ್ರಕಾರ ಸೇನಾಪತಿಯ ಮೇಲೆ ಗವರ್ನರ್. ಲೆಟ್ಟೋ ಅವನ ಮಾತು ಮೀರಿ ಯುದ್ಧಕ್ಕೆ ಎಳೆದ. ಬ್ರಿಟಿಷರು ಹೇಗೂ ಬರುತ್ತಿದ್ದರು ಅನ್ನಬಹುದು, ಇರಬಹುದು. ಆದರೆ ಟಾಂಗಾ ಆದ ಮೇಲೆ, 1917ರ ಅಕ್ಟೋಬರ್‌ನ ಮಹಿವಾ ಯುದ್ಧ ಆದ ಮೇಲೆ, ವಸಾಹತೇ ಕೈಬಿಟ್ಟು ರುವುಮಾ ನದಿ ದಾಟಿ ಪೋರ್ಚುಗೀಸರ ಮೊಜಾಂಬಿಕ್‌ಗೆ ನುಗ್ಗಿದ ಮೇಲೂ ಅವನು ಇನ್ನೂ ಒಂದು ವರ್ಷ ನಡೆದ. ಆ ಒಂದು ವರ್ಷ ಯೂರೋಪಿನ ರಂಗದಲ್ಲಿ ಏನು ಬದಲಾಯಿಸಿತು? ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಏನು ಬದಲಾಯಿಸಿತು ಅಂತ ಮಾತ್ರ ಗೊತ್ತು.

ಕೊಡಗಿನ_ಕಾಫಿ:

ಸೈನಿಕನಿಗೆ ನಿಲ್ಲು ಅನ್ನುವ ಆದೇಶ ಬರುವವರೆಗೂ ನಿಲ್ಲುವ ಹಕ್ಕಿಲ್ಲ ಸರ್. ಇದರಲ್ಲಿ ನಿಮ್ಮ ಜೊತೆ ನಾನು ಒಪ್ಪಲಾರೆ. ಮತ್ತೆ, ಅಸ್ಕರಿಗಳ ನಿಷ್ಠೆಯ ಬಗ್ಗೆ ಏನು ಹೇಳುತ್ತೀರಿ? 1964ರಲ್ಲಿ ಜರ್ಮನ್ ಸಂಸತ್ತು ಹಳೆಯ ಅಸ್ಕರಿಗಳ ಬಾಕಿ ಸಂಬಳ ಕೊಡಲು ಒಪ್ಪಿತು. ಮ್ವಾಂಜಾದಲ್ಲಿ ಮುದುಕರು ಸಾಲು ನಿಂತರು, ಕಾಗದಪತ್ರ ಇರಲಿಲ್ಲ. ಆಗ ಅಧಿಕಾರಿ ಒಬ್ಬೊಬ್ಬರ ಕೈಗೂ ಪೊರಕೆ ಕೊಟ್ಟು ಜರ್ಮನ್ ಭಾಷೆಯಲ್ಲಿ ಕವಾಯತು ಹೇಳಿದ, ಒಬ್ಬರೂ ತಪ್ಪಲಿಲ್ಲ ಅನ್ನುವ ಕಥೆ ಎಲ್ಲ ಪುಸ್ತಕದಲ್ಲೂ ಇದೆ.

ತುಂಗಾತೀರ:

ಆ ಕಥೆ ಎಲ್ಲ ಕಡೆ ಇದೆ, ಹೌದು. ಒಬ್ಬರಿಂದ ಒಬ್ಬರು ಎತ್ತಿಕೊಂಡು ಹೇಳುತ್ತಾ ಬಂದ ಕಥೆ. ಅದು ನಡೆದದ್ದೇ ಅಂತ ಇಟ್ಟುಕೊಳ್ಳೋಣ. ಅದರಿಂದ ಏನು ಗೊತ್ತಾಗುತ್ತದೆ? ವರ್ಷಗಟ್ಟಲೆ ಕವಾಯತು ಮಾಡಿದವರಿಗೆ ಕವಾಯತು ಮರೆಯುವುದಿಲ್ಲ. ಅವರು ಬಂದದ್ದು ದುಡಿದ ಸಂಬಳ ಕೇಳಲು. 46 ವರ್ಷ ಕಾಯಿಸಿ ಕೊಟ್ಟ ಸಂಬಳ.

ಅಸ್ಕರಿಗಳು ಲೆಟ್ಟೋನ ಮೇಲಿನ ಪ್ರೀತಿಗೆ ಸೇರಿದವರಲ್ಲ. ಸಂಬಳ, ಮನೆ, ಹಳ್ಳಿಯಲ್ಲಿ ದೊಡ್ಡಸ್ತಿಕೆ, ಇದಕ್ಕಾಗಿ ಸೇರಿದ ಕಸುಬಿನ ಸಿಪಾಯಿಗಳು. ಅವರ ಹೆಂಡತಿ ಮಕ್ಕಳು ದಂಡಿನ ಜೊತೆಗೇ ನಡೆಯುತ್ತಿದ್ದರು. ಕುಟುಂಬ ದಂಡಿನಲ್ಲಿದ್ದರೆ ಬಿಟ್ಟು ಎಲ್ಲಿಗೆ ಹೋಗುವುದು? ಯುದ್ಧದ ನಡುವೆ ಅಸ್ಕರಿಗಳು 11,000ದ ಆಸುಪಾಸು ಇದ್ದರು. ಅಬರ್‌ಕಾರ್ನ್‌ನಲ್ಲಿ ಉಳಿದದ್ದು 1,168. ಸತ್ತವರು, ಕಾಯಿಲೆ ಬಿದ್ದು ಹಿಂದೆ ಉಳಿದವರು, ಸೆರೆ ಸಿಕ್ಕವರು ಎಷ್ಟೋ ಜನ. ಓಡಿಹೋದವರೂ ಸಾವಿರಗಟ್ಟಲೆ ಇದ್ದರು. ಕೊನೆಯವರೆಗೂ ನಿಂತವರ ನಿಷ್ಠೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಅವರದ್ದು, ತಮ್ಮ ಕಾರಣಗಳಿಗೆ. ಅದನ್ನು ಜರ್ಮನ್ ವಸಾಹತು ಒಳ್ಳೆಯದಿತ್ತು ಅನ್ನುವುದಕ್ಕೆ ಸಾಕ್ಷಿಯಾಗಿ ಬಳಸಿಕೊಂಡರಲ್ಲ, ಅದು ತಪ್ಪು.

ಯಾಕೆ ಬಳಸಿಕೊಂಡರು ಅನ್ನುವುದೂ ಸ್ಪಷ್ಟ. ಯುದ್ಧ ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಯ ವಸಾಹತುಗಳನ್ನು ಕಿತ್ತುಕೊಂಡಾಗ, ಜರ್ಮನ್ನರಿಗೆ ಆಳಲು ಬರುವುದಿಲ್ಲ ಅನ್ನುವ ಕಾರಣ ಕೊಟ್ಟರು. ಅದಕ್ಕೆ ಉತ್ತರ ‘ನಿಷ್ಠಾವಂತ ಅಸ್ಕರಿ’. ಲೆಟ್ಟೋ ಹುಡುಗರಿಗಾಗಿ ಬರೆದ ನೆನಪಿನ ಪುಸ್ತಕ ಮನೆಮನೆಗೆ ಹೋಯಿತು. ಕೊನೆಗೆ ಟೆಂಡಗುರು ಬೆಟ್ಟದಲ್ಲಿ ಸಿಕ್ಕ ಒಂದು ಡೈನೋಸಾರ್‌ಗೂ ಅವನ ಹೆಸರಿಟ್ಟರು, ಡಿಸಲೋಟೊಸಾರಸ್ ಲೆಟ್ಟೋಫೋರ್ಬೆಕಿ. ಈಗಲೂ ಅದೇ ಹೆಸರು.

ಕಡಲಮಗ:

ಅವನು ಹಿಟ್ಲರನ ವಿರೋಧಿ ಅಂತ ಓದಿದ್ದೇನೆ. ಲಂಡನ್ನಿಗೆ ರಾಯಭಾರಿಯಾಗಿ ಹೋಗು ಅಂದರೆ ಹಿಟ್ಲರನಿಗೇ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದನಂತೆ.

ಆಲದನೆರಳು:

ಆ ಕಥೆ ಬಾಯಿಂದ ಬಾಯಿಗೆ ಬಂದದ್ದು. ನಾಝಿ ಪಕ್ಷದ ಮುಂದಾಳಾಗಿರಲಿಲ್ಲ, ಅದು ಸರಿ. ಆದರೆ ಪ್ರಜಾಪ್ರಭುತ್ವದ ಗೆಳೆಯನೂ ಅಲ್ಲ. 1919ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ದ್ವಾರದಲ್ಲಿ ಅವನಿಗೆ ಮೆರವಣಿಗೆ. ಅದೇ ವರ್ಷದ ಬೇಸಿಗೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಳೆತ ಮಾಂಸದ ತಿಂಡಿ ಮಾರಿದ್ದಕ್ಕೆ ಜನ ದಂಗೆ ಎದ್ದಾಗ, ಊರನ್ನು ಹಿಡಿತಕ್ಕೆ ತರಲು ಪಡೆ ತೆಗೆದುಕೊಂಡು ಹೋದವನು ಇವನೇ. 1920ರಲ್ಲಿ ಚುನಾಯಿತ ಸರ್ಕಾರವನ್ನು ಕಿತ್ತೊಗೆಯಲು ಕಾಪ್ ದಂಗೆ ನಡೆದಾಗ ದಂಗೆಕೋರರ ಕಡೆ ನಿಂತ. ಅದಕ್ಕೇ ಸೈನ್ಯದಿಂದ ಹೋಗಬೇಕಾಯಿತು. 1928ರಿಂದ 1930ರವರೆಗೆ ಕಟ್ಟಾ ರಾಷ್ಟ್ರವಾದಿ ಪಕ್ಷದಿಂದ ಸಂಸತ್ತಿನಲ್ಲಿದ್ದ. ನಾಝಿಗಳು ಕೊಟ್ಟ ಗೌರವ, ಜನರಲ್ ಪದವಿ ಬೇಡ ಅನ್ನಲಿಲ್ಲ.

1964ರ ಮಾರ್ಚ್ 9ರಂದು 93 ವಯಸ್ಸಿನಲ್ಲಿ ಸತ್ತಾಗ, ಪಶ್ಚಿಮ ಜರ್ಮನಿಯ ರಕ್ಷಣಾ ಮಂತ್ರಿ ಕಾಯ್-ಊವೆ ಫಾನ್ ಹಾಸೆಲ್ ಬಂದು ರಣರಂಗದಲ್ಲಿ ಸೋಲರಿಯದವನು ಅಂತ ಭಾಷಣ ಮಾಡಿದರು. ಆ ಮಂತ್ರಿ ಹುಟ್ಟಿದ್ದು ಜರ್ಮನ್ ಪೂರ್ವ ಆಫ್ರಿಕಾದಲ್ಲೇ. ಇಬ್ಬರು ಹಳೆಯ ಅಸ್ಕರಿಗಳನ್ನು ಸರ್ಕಾರಿ ಅತಿಥಿಗಳಾಗಿ ವಿಮಾನದಲ್ಲಿ ಕರೆಸಿದ್ದರು. ಹಮಾಲಿಗಳ ಕುಟುಂಬದವರನ್ನು ಕರೆಸಲಿಲ್ಲ. ಹೆರೆರೋಗಳನ್ನು ಕರೆಸುವ ಯೋಚನೆಯೇ ಯಾರಿಗೂ ಬಂದಿರಲಾರದು.

ಹ್ಯಾನೋವರ್_ಕನ್ನಡತಿ:

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮೂರಿನ ಮಾತು ಸೇರಿಸುತ್ತೇನೆ. ಹ್ಯಾನೋವರ್‌ನಲ್ಲಿ ಲೆಟ್ಟೋ-ಫೋರ್ಬೆಕ್ ಅಲೀ ಅಂತ ಒಂದು ರಸ್ತೆ ಇತ್ತು. 2009ರಲ್ಲಿ ಹೆಸರು ಬದಲಾಯಿಸಲು ನಿರ್ಧಾರವಾಯಿತು. ಕೆಲವು ನಿವಾಸಿಗಳು ಕೋರ್ಟಿಗೆ ಹೋದರು, ಕೇಸು ನಿಲ್ಲಲಿಲ್ಲ. ಈಗ ಅದು ನಮೀಬಿಯಾ ಅಲೀ. ಅದಕ್ಕಿಂತ ಮೊದಲೇ, 1994ರಲ್ಲಿ, ಕಾರ್ಲ್ ಪೀಟರ್ಸ್ ಹೆಸರಿನ ಚೌಕವನ್ನೂ ಬದಲಾಯಿಸಿದ್ದರು. ಪೀಟರ್ಸ್ ಅಂದರೆ ಪೂರ್ವ ಆಫ್ರಿಕಾ ವಸಾಹತನ್ನು ಶುರು ಮಾಡಿದವನು, ಅಲ್ಲಿ ಮಾಡಿದ ಕ್ರೌರ್ಯಕ್ಕೆ ಆಗಿನ ಜರ್ಮನ್ ಸರ್ಕಾರವೇ ಕೆಲಸದಿಂದ ತೆಗೆದವನು.

ಹ್ಯಾಂಬರ್ಗ್‌ನ ಯೆನ್‌ಫೆಲ್ಡ್‌ನಲ್ಲಿ ಇನ್ನೂ ಕಷ್ಟದ ಪ್ರಶ್ನೆ ಇದೆ. ಅಲ್ಲಿ ನಾಝಿ ಕಾಲದ ಲೆಟ್ಟೋ-ಫೋರ್ಬೆಕ್ ಬ್ಯಾರಕ್ ಇತ್ತು. ಗೋಡೆಗಳ ಮೇಲೆ ವಸಾಹತು ಅಧಿಕಾರಿಗಳ ಮುಖಗಳು, ಟ್ರೋಥಾನದ್ದೂ ಸೇರಿ. ಎರಡು ದೊಡ್ಡ ಉಬ್ಬುಶಿಲ್ಪಗಳಲ್ಲಿ ಒಂದರಲ್ಲಿ ಅಸ್ಕರಿಗಳು, ಇನ್ನೊಂದರಲ್ಲಿ ಹೊರೆ ಹೊತ್ತವರು. ಅದನ್ನು ಮಾಡಿದ ವಾಲ್ಟರ್ ಫಾನ್ ರುಕ್ಟೆಶೆಲ್ ಅದೇ ದಂಡಿನಲ್ಲಿದ್ದ ಅಧಿಕಾರಿ. ಬ್ಯಾರಕ್ ಮುಚ್ಚಿದ ಮೇಲೆ ಆ ಶಿಲ್ಪಗಳನ್ನು ತಂದು ‘ತಾಂಜಾನಿಯಾ ಪಾರ್ಕ್’ ಅಂತ ಮಾಡಿದರು. ಬಹಳ ವಿರೋಧ ಬಂತು. ವಸಾಹತಿನ ಹೊಗಳಿಕೆಗೆ ಮಾಡಿದ ಶಿಲ್ಪವನ್ನು ಸ್ನೇಹದ ಗುರುತು ಅಂತ ನಿಲ್ಲಿಸುವುದು ಹೇಗೆ ಅನ್ನುವ ಪ್ರಶ್ನೆ. ನನಗೂ ಅದು ಸರಿ ಕಾಣುವುದಿಲ್ಲ. ಒಡೆದು ಹಾಕಿ ಅನ್ನುವುದಿಲ್ಲ. ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಯಾಕೆ ಮಾಡಿದರು, ಯಾರು ಮಾಡಿದರು ಅಂತ ಪಕ್ಕದಲ್ಲೇ ದೊಡ್ಡದಾಗಿ ಬರೆದಿರಬೇಕು.

2021ರಲ್ಲಿ ಜರ್ಮನ್ ಸರ್ಕಾರ ನಮೀಬಿಯಾದಲ್ಲಿ ಆದದ್ದನ್ನು ನರಮೇಧ ಅಂತ ಒಪ್ಪಿಕೊಂಡಿತು. 30 ವರ್ಷದಲ್ಲಿ 110 ಕೋಟಿ ಯೂರೋ ಕೊಡುವ ಮಾತು. ಹೆರೆರೋ, ನಾಮಾ ಮುಖಂಡರಲ್ಲಿ ಅನೇಕರು ಅದನ್ನು ತಿರಸ್ಕರಿಸಿದರು, ತಮ್ಮನ್ನು ನೇರವಾಗಿ ಕೂರಿಸಿ ಮಾತಾಡಲಿಲ್ಲ ಅಂತ. 2023ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಷ್ಟೈನ್‌ಮಾಯರ್ ತಾಂಜಾನಿಯಾದ ಸೊಂಗೆಯಾಕ್ಕೆ ಹೋಗಿ ಮಾಜಿ ಮಾಜಿಗಾಗಿ ಕ್ಷಮೆ ಕೇಳಿದರು. 1914ರಿಂದ 1918ರ ಹಸಿವಿಗೆ, ಹಮಾಲಿಗಳಿಗೆ ಅಂತ ಇದೇ ರೀತಿ ದೊಡ್ಡ ಮಟ್ಟದಲ್ಲಿ ಯಾರೂ ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ. ಬ್ರಿಟಿಷರಿಂದಲೂ ಇಲ್ಲ.

ಕೊಡಗಿನ_ಕಾಫಿ:

ರಸ್ತೆಯ ಹೆಸರು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ನಮೀಬಿಯಾ ಭಾಗ ಓದಿದ ಮೇಲೆ ಅದು ನ್ಯಾಯವೇ. ಆದರೆ ಟಾಂಗಾವನ್ನು ಯುದ್ಧದ ಪಾಠದಲ್ಲಿ ಓದುವುದು ನಿಲ್ಲಬಾರದು. ಅಲ್ಲಿ ಸತ್ತ ನಮ್ಮ ಸಿಪಾಯಿಗಳಿಗಾಗಿಯಾದರೂ ಓದಬೇಕು.

ಆಲದನೆರಳು:

ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಓದುವಾಗ ನಕ್ಷೆಯಲ್ಲಿ ಬಾಣದ ಗುರುತು ಮಾತ್ರ ಹಾಕದೆ, ಪ್ರತಿ ತುಕಡಿಯ ಹಿಂದೆ ಎಷ್ಟು ಹಮಾಲಿಗಳು, ಅವರ ಊಟ ಯಾವ ಹಳ್ಳಿಯಿಂದ ಬಂತು ಅಂತಲೂ ಬರೆದು ಓದಲಿ ಅನ್ನುತ್ತೇನೆ. ಆಗ ಅವನು ಎಷ್ಟು ಚೆನ್ನಾಗಿ ತಪ್ಪಿಸಿಕೊಂಡ ಅನ್ನುವುದರ ಜೊತೆಗೆ ಯಾರ ಹೊಟ್ಟೆಯ ಮೇಲೆ ತಪ್ಪಿಸಿಕೊಂಡ ಅನ್ನುವುದೂ ಕಾಣುತ್ತದೆ.

ಹುಬ್ಬಳ್ಳಿ_ಹುಡುಗ:

@ದಾರ್_ಕನ್ನಡಿಗ ಸರ್, ನಮ್ಮ ಆಫೀಸಿನಿಂದ ಬರುವ ವರ್ಷ ದಾರ್‌ಗೆ ಹೋಗುವ ಕೆಲಸ ಬರಬಹುದು. ಟಾಂಗಾಕ್ಕೆ ಹೋಗಿಬರಲು ಆಗುತ್ತದಾ? ನಮ್ಮವರ ಸಮಾಧಿ ಇದೆಯಾ?

ದಾರ್_ಕನ್ನಡಿಗ:

ಧಾರಾಳವಾಗಿ ಹೋಗಬಹುದು. ದಾರ್‌ನಿಂದ ಟಾಂಗಾಕ್ಕೆ ಬಸ್ಸಿದೆ, ಬೆಳಿಗ್ಗೆ ಬೇಗ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮುಟ್ಟುತ್ತೀರಿ. ಅಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಸಂಸ್ಥೆ ನೋಡಿಕೊಳ್ಳುವ ಸ್ಮಾರಕ ಸ್ಮಶಾನ ಇದೆ, ಭಾರತೀಯ ಸಿಪಾಯಿಗಳ ನೆನಪಿಗೆ. ಒಂದೆರಡು ದಿನ ಜಾಸ್ತಿ ಸಿಕ್ಕರೆ ಇರಿಂಗಾ ಕಡೆಗೂ ಹೋಗಿ. ಅದರ ಹತ್ತಿರ ಕಲೆಂಗಾ ಹಳ್ಳಿಯ ಸಣ್ಣ ಮ್ಯೂಸಿಯಂನಲ್ಲಿ ಮ್ಕ್ವಾವಾನ ತಲೆಬುರುಡೆ ಇಟ್ಟಿದ್ದಾರೆ. ವಾಪಸ್ ಕೊಡಬೇಕು ಅಂತ ವರ್ಸೇಲ್ಸ್ ಒಪ್ಪಂದದಲ್ಲೇ ಬರೆದಿತ್ತು. ಬಂದದ್ದು 1954ರಲ್ಲಿ. ಹೋಗುವ ಮೊದಲು ನನಗೆ ಮೆಸೇಜ್ ಹಾಕಿ, ಶನಿವಾರ ಆದರೆ ನಾನೂ ಬರುತ್ತೇನೆ.